ಕರೆದರೆ ಮಾತ್ರ ಬರುವವನು

ಗೃಹಪ್ರವೇಶದ ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚುತ್ತ ಕೂತಿದ್ದೆ. ಎದುರಿಗೆ ಕಂಪ್ಯೂಟರಿನ ಮುಂದೆ ಮಗಳು ಒಬ್ಬಳೇ ನಗುತ್ತಿದ್ದಳು. ಏನವ್ವಾ ಅಂದರೆ, ಅವಳು ಓದುತ್ತಿರುವ ರಕ್ತಪಿಶಾಚಿ ಕಾದಂಬರಿ ಮಾಲಿಕೆಯ ಹೊಸ ಭಾಗಕ್ಕೆ ದೇಶದೇಶದ ಓದುಗರು ಅಭಿಪ್ರಾಯ ಬರೆದಿದ್ದಾರಂತೆ. ಒಬ್ಬಳು ಐದು ನಕ್ಷತ್ರ ಕೊಟ್ಟು, ಓದುವಾಗ ಮೂರು ಸಲ ಅತ್ತುಬಿಟ್ಟೆ ಅಂದಿದ್ದಾಳೆ. ಅದರ ಕೆಳಗೇ ಇನ್ನೊಬ್ಬ, ಕೊಲೆಗಾರ ಯಾರೆಂದು ಮೊದಲ ಪುಟದಲ್ಲೇ ಗೊತ್ತಾಯಿತು, ಬರೆದವರಿಗೆ ನಾಚಿಕೆಯಾಗಬೇಕು ಅಂದಿದ್ದಾನೆ. ಈಗಿನ ಓದುಗರು ಎಷ್ಟು ಚಂದ ಜಗಳಾಡುತ್ತಾರೆ ನೋಡು ಎಂದು ಮಗಳಿಗೆ ಹೆಮ್ಮೆ. ಈಗಿನ ಓದುಗರಂತೆ! ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ.

ನೀವಾದರೂ ಕೇಳಿ. ಎಂಬತ್ತರ ದಶಕದಲ್ಲಿ, ಕಲಬುರಗಿ ಇನ್ನೂ ಗುಲಬರ್ಗಾ ಆಗಿದ್ದಾಗ, ನೆಹರು ಗಂಜಿನ ಧಾನ್ಯದ ಪೇಟೆಯ ಹಿಂದೆ ಒಂದು ತಗಡಿನ ಅಂಗಡಿಯಲ್ಲಿ ಬಾಡಿಗೆ ಪುಸ್ತಕಗಳ ಲೈಬ್ರರಿ ಇತ್ತು. ಗಂಜಿನ ತೊಗರಿ ಧೂಳು ಪುಸ್ತಕಗಳ ಒಳಗೂ ಸೇರಿಕೊಂಡು, ಹಾಳೆ ತಿರುವಿದರೆ ಸೀನು ಬರುತ್ತಿತ್ತು. ಪುಸ್ತಕದಲ್ಲಿ ಏನೂ ಬರೆಯಬಾರದೆಂದು ಮಾಲೀಕರು ದಪ್ಪ ಅಕ್ಷರದಲ್ಲಿ ಬೋರ್ಡು ಹಾಕಿದ್ದರು. ಆದರೂ ಪ್ರತಿ ಪುಸ್ತಕದ ಕೊನೆಯ ಖಾಲಿ ಹಾಳೆ ಓದುಗರದ್ದೇ. ನಕ್ಷತ್ರ ಗಿಕ್ಷತ್ರ ಇರಲಿಲ್ಲ, ಮೋಟು ಪೆನ್ಸಿಲ್ ಇತ್ತು. ಗಂಜಿನ ಗುಮಾಸ್ತರು, ಹಮಾಲರು, ನನ್ನಂಥ ಕಾಲೇಜು ಹುಡುಗರು ಎಲ್ಲರೂ ಬರೆಯುವವರೇ. 'ಹಿಂದಿನ ಭಾಗದಷ್ಟು ಅಂಜಿಕಿ ಬರಲಿಲ್ಲ.' 'ಪತ್ತೇದಾರ ಶುದ್ಧ ದಡ್ಡ.' ಒಬ್ಬ ನರ್ಸಮ್ಮ ಮಾತ್ರ ದುಂಡಗೆ ಬರೆದಿದ್ದರು: 'ಮನುಷ್ಯಾರ ಮೈಯಾಗ ಇಷ್ಟು ರಕ್ತ ಇರಂಗಿಲ್ರಿ.' ಅದರ ಕೆಳಗೆ ಯಾರೋ, 'ನೀವು ಅಳದು ನೋಡೀರೇನ್ರಿ, ಸಿಸ್ಟರ್?' ಮಾಲೀಕರು ಎಲ್ಲರನ್ನೂ ಬೈಯುವರು, ಆಮೇಲೆ ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನೇ ಮೊದಲು ಓದುವರು.

ಎಲ್ಲಕ್ಕಿಂತ ಹೆಚ್ಚು ಬರಹ ತುಂಬಿದ್ದು ಒಂದು ರಕ್ತಪಿಶಾಚಿ ಮಾಲಿಕೆಯಲ್ಲಿ. ಮುಖಪುಟಗಳು ಹರಿದುಹೋಗಿ ಕ್ಯಾಲೆಂಡರಿನ ಹಾಳೆ ಸುತ್ತಿದ್ದರಿಂದ ಹೆಸರು ಯಾರಿಗೂ ಗೊತ್ತಿಲ್ಲ. ನಾಲ್ಕನೇದು, ಐದನೇದು ಎಂದೇ ನಾವು ಕೇಳುತ್ತಿದ್ದೆವು. ಪಾಳುಬಿದ್ದ ವಾಡೆಯಲ್ಲಿ ನೂರು ವರ್ಷದ ಹಿಂದೆ ಸತ್ತ ಜಹಗೀರದಾರ ಊರಿನವರ ರಕ್ತ ಕುಡಿದು ಓಡಾಡಿಕೊಂಡಿರುತ್ತಾನೆ. ಆದರೆ ಅವನಿಗೊಂದು ಕಟ್ಟಳೆ. ಮನೆಯವರು ಬಾಯಿ ಬಿಟ್ಟು 'ಬನ್ನಿ' ಅನ್ನದೆ ಯಾರ ಹೊಸ್ತಿಲನ್ನೂ ಅವನು ದಾಟಲಾರ. ಹಾಗಾಗಿ ಪ್ರತಿ ಭಾಗದಲ್ಲೂ ಒಂದು ಸಾವು, ಪತ್ತೇದಾರನದು ಒಂದೇ ಪ್ರಶ್ನೆ: ಇವನನ್ನು ಕರೆದವರು ಯಾರು?

ನಾಲ್ಕನೇದು ನನ್ನ ಕೈಗೆ ಸಿಕ್ಕ ವಾರವೇ ನಮ್ಮ ಕಮಲಾಪುರದ ಮನೆಯಲ್ಲಿ ಅಕ್ಕನ ಮದುವೆಯ ಓಡಾಟ. ಅವ್ವ ನನಗೆ ಕಾರ್ಡು, ಕುಂಕುಮ, ಅಕ್ಷತೆ ಕೊಟ್ಟು, ಮಹಾಗಾಂವಿಗೆ ಹೋಗಿ ತನ್ನ ತಮ್ಮ ಬಸಣ್ಣ ಮಾವನನ್ನು ಕರೆದು ಬಾ ಎಂದಳು. ನಮ್ಮ ಕಡೆ ಬರೀ ಕಾರ್ಡು ಮುಟ್ಟಿಸಿದರೆ ಕರೆದಂತಲ್ಲ. ಮನೆಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಹಾಕಿ, 'ಬರಬೇಕ್ರಿ' ಅನ್ನಬೇಕು. ಅದರಲ್ಲೂ ಸೋದರಮಾವ! ನಾನು ಮಾಡಿದ್ದೇನು ಗೊತ್ತೇ? ಬಸ್ ಸ್ಟ್ಯಾಂಡಿನಲ್ಲಿ ಮಹಾಗಾಂವಿನ ಟೆಂಪೋ ಡ್ರೈವರನ ಕೈಗೆ ಕಾರ್ಡು ತುರುಕಿ, ಕುಂಕುಮದ ಪೊಟ್ಟಣವನ್ನು ಜೇಬಿನಲ್ಲೇ ಇಟ್ಟುಕೊಂಡು, ಬೇವಿನ ನೆರಳಲ್ಲಿ ಕೂತು ನಾಲ್ಕನೇದನ್ನು ಮುಗಿಸಿದೆ. ಮನೆಗೆ ಬಂದು, ಕರೆದು ಬಂದೆ ಎಂದೆ.

ಮಾವ ಮದುವೆಗೆ ಬರಲಿಲ್ಲ. ಅವನು ಮಾಡಬೇಕಾದ ಶಾಸ್ತ್ರವನ್ನು ದೂರದ ಸಂಬಂಧದ ಯಾರೋ ಮಾಡಿದರು. ಅವ್ವ ಅಡುಗೆಮನೆಯ ಹಿಂದೆ ಹೋಗಿ ಅತ್ತಳು. ಅಲ್ಲಿಂದ ಮುಂದೆ ಮೂರು ವರ್ಷ ಅವ್ವನಿಗೂ ಮಾವನಿಗೂ ಮಾತಿಲ್ಲ. ಸಂತೆಗೆ ಬಂದಾಗ ಮಾವ ನಮ್ಮ ಮನೆಯ ಎದುರು ರಸ್ತೆಯಲ್ಲೇ ನಿಂತು ನನ್ನನ್ನು ಕೂಗಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೈಗಿಟ್ಟು ಹೋಗಿಬಿಡುತ್ತಿದ್ದ. ಅವನ ದನಿ ಕೇಳಿದ ಕೂಡಲೇ ಒಳಗೆ ಅವ್ವ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಕುಂಕುಮ ಹಚ್ಚಿ ಕರೆದರೂ ತಮ್ಮ ಬರಲಿಲ್ಲವೆಂದು ಅವಳ ಸಂಕಟ, ಅಕ್ಕ ಯಾರದೋ ಕೈಯಲ್ಲಿ ಕಾರ್ಡು ಎಸೆದಳೆಂದು ಅವನ ಸಂಕಟ. ನಡುವೆ ನಾನು ಬಾಳೆಹಣ್ಣು ತಿನ್ನುತ್ತಿದ್ದೆ.

ಹೀಗಿರುವಾಗ ಐದನೇದು ಬಂತು. ಅವ್ವನಿಗೆ ಓದು ಬರದು. ಶನಿವಾರ ನಾನು ಊರಿಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, ನಾನು ಒಲೆಯ ಪಕ್ಕ ಕೂತು ಓದುತ್ತಿದ್ದೆ. ಅವಳ ಟೀಕೆಯ ಮುಂದೆ ಗಂಜಿನ ಪೆನ್ಸಿಲುಗಳನ್ನೆಲ್ಲ ನಿವಾಳಿಸಿ ಎಸೆಯಬೇಕು. ನಾಯಿ ಸಾಕದ ಊರು ಯಾವುದು, ಅಷ್ಟು ದೊಡ್ಡ ವಾಡೆಯ ಕಸ ಯಾರು ಹೊಡೆಯುತ್ತಾರೆ ಎಂದೆಲ್ಲ ಕೇಳುವಳು. ಐದನೇದರಲ್ಲಿ ಒಬ್ಬ ಮುದುಕಿ ಬಾಗಿಲು ತೆರೆದರೆ, ಜಹಗೀರದಾರ ಜಿಟಿಜಿಟಿ ಮಳೆಯಲ್ಲಿ ಹೊಸ್ತಿಲ ಹೊರಗೆ ನಿಂತಿರುತ್ತಾನೆ. ನಾನು ದನಿ ತಗ್ಗಿಸಿ, ಕಣ್ಣು ದೊಡ್ಡದು ಮಾಡಿ ಓದಿದೆ. ಅವ್ವ ಹೆದರಲಿಲ್ಲ.

"ಪಾಪ, ನೂರು ವರ್ಷ ಆತಂತ," ಅಂದಳು. "ಒಬ್ಬರೂ ಬಾ ಅಂದಿಲ್ಲೇನು ಅವಂಗ?"

"ಅವ ರಕ್ತ ಕುಡೀತಾನವ್ವಾ."

"ಕುಡೀಲಿ. ಕರೀಲಾರದ ಒಳಗ ಬರಂಗಿಲ್ಲಲ್ಲ, ಅಷ್ಟರ ಮಾನ ಅದ. ನನ್ನ ತಮ್ಮನ್ನ ನೋಡು. ನೀ ಹೋಗಿ ಕುಂಕುಮ ಹಚ್ಚಿ ಕರದು ಬಂದಿ. ಆದರೂ ಬರಲಿಲ್ಲ ಅವ."

ಪುಸ್ತಕದ ಮುಂದಿನ ಸಾಲು ಪತ್ತೇದಾರನ ಅದೇ ಪ್ರಶ್ನೆ. ನನ್ನಿಂದ ಓದಲಾಗಲಿಲ್ಲ.

"ಅವ್ವಾ, ನಾ ಕರದೇ ಇಲ್ಲ," ಅಂದೆ.

ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಬೈದಿದ್ದರೆ, ಎರಡು ಬಾರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಕೈ ತೊಳೆದು, ಸೀರೆ ಬದಲಿಸಿ, ಕುಂಕುಮದ ಬಟ್ಟಲು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ನಾನು ಹಿಂದೆ ಹಿಂದೆ. ಮಹಾಗಾಂವಿನಲ್ಲಿ ಮಾವನ ಮನೆಯ ಹೊಸ್ತಿಲ ಹೊರಗೇ ನಿಂತಳು. ಮಾವ ಬಾಗಿಲಿಗೆ ಬಂದ. ನಾನು ನೆಲ ನೋಡುತ್ತ ಟೆಂಪೋದ ಕಥೆಯೆಲ್ಲ ಹೇಳಿದೆ.

"ಮೂರು ವರ್ಷ ತಡಾ ಆತು, ತಮ್ಮಾ. ಕರೀಲಿಕ್ಕೆ ಬಂದೀನಿ," ಅಂದಳು ಅವ್ವ. "ನೀ ಬಾ ಅಂದ್ರ ಒಳಗ ಬರತೀನಿ."

ಮಾವ ಅಂದ, "ಮದವಿ ದಿನ ಹೊಸಾ ಧೋತರ ಉಟ್ಟು ಬಸ್ಸಿನ ಹಾದ್ಯಾಗ ನಿಂತಿದ್ದೆ ಅಕ್ಕಾ. ಮಧ್ಯಾಹ್ನದ ತನಕ. ಯಾರರ ಬಂದು ಬಾ ಅಂತಾರಂತ."

ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಅವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ನನ್ನನ್ನು ಯಾರೂ ಕರೆಯಲಿಲ್ಲ. ಬಿಸಿಲಿನಲ್ಲಿ ನಿಂತೇ ಇದ್ದೆ. ಒಳಗೆ ಚಹಾದ ವಾಸನೆ ಬಂದ ಮೇಲೆ ಅವ್ವನ ದನಿ ಕೇಳಿತು, "ಆ ಪಿಶಾಚೀನೂ ಕರೀಪ್ಪಾ, ಇಲ್ಲಂದ್ರ ಅಲ್ಲೇ ನಿಂದರತದ." ಆ ಚಹಾದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ.

ಐದನೇದನ್ನು ಹಿಂತಿರುಗಿಸುವ ಮೊದಲು, ಅವ್ವ ಹೇಳಿದ್ದನ್ನು ಕೊನೆಯ ಹಾಳೆಯಲ್ಲಿ ಬರೆದೆ: 'ಜಹಗೀರದಾರಗ ಯಾರರ ಒಮ್ಮಿ ಊಟಕ್ಕ ಕರೀಬೇಕಿತ್ತು. — ಕಮಲಾಪುರದ ಒಬ್ಬ ಹೆಣ್ಣುಮಗಳು.' ತಿಂಗಳ ಮೇಲೆ ಹೋಗಿ ನೋಡಿದರೆ ಕೆಳಗೆ ಜಗಳವೋ ಜಗಳ. 'ನೀವ ಕರೀರಿ ತಾಯಿ, ನಾವು ಒಲ್ಲೆವು' ಎಂದು ಒಬ್ಬ. 'ಈ ಹೆಣ್ಣುಮಗಳಿಗಿ ಅಂಜಿಕಿ ಇಲ್ಲೇನು?' ಎಂದು ಇನ್ನೊಬ್ಬ. ಎಲ್ಲದರ ಕೆಳಗೆ ನರ್ಸಮ್ಮನ ದುಂಡಕ್ಷರ: 'ಖರೇ ಅದ.' ಅದನ್ನು ಓದಿ ಹೇಳಿದಾಗ ಅವ್ವ ಇಡೀ ದಿನ ಹಾಡಿಕೊಂಡು ಓಡಾಡಿದಳು.

ಅವ್ವ ಈಗಿಲ್ಲ. ನನ್ನ ಮುಂದೆ ಕಾರ್ಡುಗಳಿವೆ. ಅವುಗಳಲ್ಲಿ ಒಂದನ್ನು ಬೇರೆ ಇಟ್ಟಿದ್ದೆ. ಮೇಲೆ ಬಸಣ್ಣ ಮಾವನ ಹೆಸರು. ನಮ್ಮ ಆಫೀಸಿನವರೊಬ್ಬರು ದಿನಾ ಮಹಾಗಾಂವಿನ ಮೂಲಕ ಹೋಗುತ್ತಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸಿದರಾಯಿತೆಂದು ಬೆಳಿಗ್ಗೆ ತಾನೇ ಅಂದುಕೊಂಡಿದ್ದೆ. ಇಷ್ಟು ವರ್ಷವಾದರೂ ಬುದ್ಧಿ ಬರಲಿಲ್ಲ ನೋಡಿ.

ಕಾರ್ಡು ಎತ್ತಿಕೊಂಡೆ. ದೇವರ ಮುಂದಿನ ಕುಂಕುಮದ ಬಟ್ಟಲು ತೆಗೆದುಕೊಂಡೆ. ಇಂಥ ಬಿಸಿಲಲ್ಲಿ ಎಲ್ಲಿಗೆಂದು ಮಗಳು ಕೇಳಿದಳು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದು ಮಹಾಗಾಂವಿನ ಬಸ್ಸು ಹತ್ತಿದೆ.

ಮಾವ ಪಡಸಾಲೆಯ ಮಂಚದ ಮೇಲೆ ಕೂತಿದ್ದ. ಕಣ್ಣು ಮಂಜಾಗಿವೆ, ಹಲ್ಲು ಉಳಿದಿಲ್ಲ. ಯಾರದು ಎಂದ. ಹೆಸರು ಹೇಳಿದೆ, ಕರೆಯಲು ಬಂದಿದ್ದೇನೆ ಎಂದೆ. ಅವನು ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ದಿಟ್ಟಿಸಿ ನೋಡಿ, ಬೊಚ್ಚುಬಾಯಿ ತುಂಬ ನಕ್ಕ.

"ಯಾಕೋ, ಟೆಂಪೋದವ ಸಿಗಲಿಲ್ಲೇನು?"

ನಾನು ಹೊಸ್ತಿಲ ಹೊರಗೆ ನಿಂತಿದ್ದೆ. ಅವನು ಬಾ ಅನ್ನುವ ತನಕ ಕದಲಲಿಲ್ಲ.