ಗೋಡೆಯ ಮೇಲಿನ ‘ಅದೀನಿ’

ಮೊನ್ನೆ ನಮ್ಮ ಗೇಟಿಗೆ ಬಣ್ಣ ಹೊಡೆಯಲು ಬಂದವನು ಚೀಲದಿಂದ ಸ್ಪ್ರೇ ಡಬ್ಬಿ ತೆಗೆದು ಅಲ್ಲಾಡಿಸಿದ. ಒಳಗಿನ ಗೋಲಿ ಕಟಕಟ ಅಂದಿತು. ಹಿಂದೆಯೇ ಆ ವಾಸನೆ... ಹೊಸ ಅಲಮಾರಿಯ ಬಾಗಿಲು ತೆರೆದಾಗ ಮೂಗಿಗೆ ಏರುತ್ತದಲ್ಲ, ಅಂಥದ್ದು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದು, “ಮೊದ್ಲ ಬಾಯಿಗೆ ಬಟ್ಟಿ ಕಟ್ಕೋ!” ಅಂತ ಗದರಿದೆ. ಅವನು ತೆಲುಗಿನವನು. ಮಾತು ತಿಳಿಯದೆ, ಸೌಟಿಗೆ ಹೆದರಿ ಹಿಂದೆ ಸರಿದ.

ಆ ಮಾತು ಅವನಿಗೆ ಹೇಳಿದ್ದಲ್ಲ. ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದ ಚಿತ್ರಗಾರನಿಗೆ ದಿನಾ ಹೇಳಿ ಹೇಳಿ ನಾಲಿಗೆಗೆ ರೂಢಿಯಾದದ್ದು. ನಮ್ಮ ಮನೆಯಲ್ಲಿ ಆತನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಮೇಲಿನಾತ, ಅಷ್ಟೆ.

ಆತ ನಮ್ಮಲ್ಲಿಗೆ ಬಂದದ್ದೇ ಒಂದು ಜಗಳದಿಂದ. ನಮ್ಮ ಯಜಮಾನರಿಗೆ ಇಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ನೌಕರಿ. ಧಾರವಾಡ ಬಿಟ್ಟು ಬಂದು ನಾಚಾರಂನಲ್ಲಿ ಹೇಗೋ ಒಂದು ಮನೆ ಮಾಡಿಕೊಂಡಿದ್ದೆವು. ದೀಪಾವಳಿಗೆಂದು ಕಂಪೌಂಡಿಗೆ ಸುಣ್ಣ ಹೊಡೆಸಿದ ಮರುದಿನ ರಂಗೋಲಿ ಹಾಕಲು ಬಂದು ನೋಡುತ್ತೇನೆ, ನನ್ನಷ್ಟೆತ್ತರದ ಕೆಂಪು ಅಕ್ಷರಗಳಲ್ಲಿ ‘ಅದೀನಿ’, ಅಂದರೆ ಇದ್ದೇನೆ! ಬಣ್ಣ ಇನ್ನೂ ಹಸಿಯಾಗಿತ್ತು. ಹೈದರಾಬಾದಿನ ಗೋಡೆಯ ಮೇಲೆ ನಮ್ಮ ಕಡೆಯ ಕನ್ನಡ ಕಂಡೆನಲ್ಲ ಎಂದು ಸಂತೋಷಪಡಲೂ ಪುರುಸೊತ್ತಾಗಲಿಲ್ಲ. ಪಿತ್ತ ನೆತ್ತಿಗೇರಿತು.

“ಯಾಂವಲೇ ಇದನ್ನ ಬರದಾಂವ?” ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದೆ. “ಅದೀನಿ ಅಂತ ಬರದೀಯಲ್ಲ, ಅದೀಯಂದ್ರ ಮುಂದ ಬಾ!”

ಎದುರಿನ ಚಹಾದಂಗಡಿಯಿಂದ ಒಬ್ಬ ಸಣಕಲು ಗಡ್ಡದಾತ, ಅರ್ಧ ಕುಡಿದ ಚಹಾ ಕೈಯಲ್ಲಿ ಹಿಡಿದುಕೊಂಡು, ನಿಜವಾಗಿಯೂ ಮುಂದೆ ಬಂದ.

“ನಾನ್ರಿ ವೈನಿ,” ಅಂತ ಅತ್ತಿಗೆಯೆಂದೇ ಕರೆದ. ಬೈಸಿಕೊಳ್ಳಲು ಬಂದವನ ಮುಖ ಮದುಮಗನ ಮುಖದಂತೆ ಅರಳಿತ್ತು. “ತಪ್ಪಾತ್ರಿ, ಸುಣ್ಣ ನಾನೇ ಹೊಡದ ಕೊಡ್ತೀನಿ. ಆದ್ರ ನೀವು ಓದಿದ್ರಲ್ರಿ! ಈ ಊರಾಗ ಒಬ್ಬರೂ ಅದನ್ನ ಸರಿಯಾಗಿ ಓದಿದ್ದಿಲ್ರಿ.”

ಸುಣ್ಣ ಹೊಡೆಯಲು ಬಂದವನು ನಮ್ಮತ್ತೆಯ ಕೈಯ ಅವಲಕ್ಕಿ ತಿಂದ, ಮಾಳಿಗೆ ಮೇಲಿನ ಖಾಲಿ ಕೋಣೆ ನೋಡಿದ, ವಾರದೊಳಗೆ ಟ್ರಂಕು ತಂದ.

ಆತನದು ಸೇಡಂ ಕಡೆಯ ಹಳ್ಳಿ. ಕಂಪ್ಯೂಟರ್ ಕಲಿಯಲು ಇಲ್ಲಿನ ಅಮೀರ್‌ಪೇಟ್‌ಗೆ ಬಂದಿದ್ದನಂತೆ. ಮೊದಲ ದಿನ ಹಾಜರಿ ಕರೆದಾಗ ಊರಿನ ರೂಢಿಯಂತೆ ‘ಅದೀನಿ’ ಅಂದಿದ್ದಾನೆ, ಇದ್ದೇನೆ ಅಂತ. ತೆಲುಗಿನ ಮೇಷ್ಟ್ರ ಕಿವಿಗೆ ಅದು ‘ಅದಿ ನೀ’ ಅಂತ ಬಿತ್ತು. ಅಂದರೆ ‘ಅದು ನಿನ್ನ’. ಅದೂ ಏಕವಚನದಲ್ಲಿ! “ನಾ ಏಮಿಟ್ರಾ?” ನನ್ನ ಏನೋ, ಅಂತ ಅವರು ಕೇಳಿದ್ದೇ ತಡ, ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಲ್ಲಿಂದ ಆತನನ್ನು ಎಲ್ಲರೂ ‘ಅದಿ ನೀ’ ಅಂತಲೇ ಕರೆದರು. ಆ ಸಿಟ್ಟಿಗೆ ಕಂಪ್ಯೂಟರ್ ಕೈಬಿಟ್ಟು ಡಬ್ಬಿ ಕೈಗೆ ತೆಗೆದುಕೊಂಡ. ಕಂಡ ಕಂಡ ಗೋಡೆಯ ಮೇಲೆಲ್ಲ ‘ಅದೀನಿ’ ಬರೆಯತೊಡಗಿದ. ಹೊಟ್ಟೆಪಾಡಿಗೆ ನಾಚಾರಂನಲ್ಲಿ ಕಬ್ಬಿಣದ ಅಲಮಾರಿಗಳಿಗೆ ಬಣ್ಣ ಸಿಂಪಡಿಸುವ ಕೆಲಸ ಹಿಡಿದ.

ಆದರೆ ಕನ್ನಡ, ತೆಲುಗು ಅಕ್ಷರಗಳು ಅಣ್ಣತಮ್ಮಂದಿರು ನೋಡಿ. ದಾರಿಹೋಕರಿಗೆಲ್ಲ ಇದು ಕಾಗುಣಿತ ತಪ್ಪಿದ ತೆಲುಗು ಅನ್ನಿಸಿತು. ಯಾರೋ ಪುಣ್ಯಾತ್ಮರು ಇದ್ದಿಲು ಹಿಡಿದು ‘ದೀ’ಯ ದೀರ್ಘಕ್ಕೆ ಅಡ್ಡಗೆರೆಯ ಕಾಟು ಹಾಕಿ ‘ನಿ’ಗೆ ದೀರ್ಘ ಎಳೆದರು. ಅರ್ಧಕ್ಕೆ ನಿಂತ ವಾಕ್ಯ ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ಅಂಥ ಇನ್ನೊಬ್ಬರು ಮುಂದುವರಿಸಿ ‘ಅದಿ ನೀ ಅಯ್ಯ ಗೋಡನಾ?’ ಅಂತ ಬರೆದರು. ಅದೇನು ನಿಮ್ಮಪ್ಪನ ಗೋಡೆಯಾ, ಅಂತ. ಈತ ಅದರ ಮೇಲೆ ಬಣ್ಣ ಬಳಿದು ಮತ್ತೆ ಬರೆಯುವುದು, ಅವರು ಮತ್ತೆ ತಿದ್ದುವುದು... ಕೊನೆಗೆ ಅಕ್ಷರವೆಲ್ಲ ಮುಚ್ಚಿಹೋಗಿ ಬಣ್ಣದ ಮೇಲೆ ಬಣ್ಣ ಮಾತ್ರ ಉಳಿಯಿತು. ಒಬ್ಬರು ಸ್ಕೂಟರ್ ನಿಲ್ಲಿಸಿ, ಒಳ್ಳೆ ಚಿತ್ರ ಅಂತ ಅದರ ಫೋಟೊ ತೆಗೆದುಕೊಂಡರಂತೆ. ನಮ್ಮ ಮೇಲಿನಾತ ಚಿತ್ರಗಾರನಾದದ್ದು ಹೀಗೆ.

“ಓದಾಕ ಬಂದ್ರ ಮಂದಿ ತಿದ್ದತಾರ್ರಿ ವೈನಿ,” ಅನ್ನುತ್ತಿದ್ದ. “ಅದಕ್ಕ ಓದಾಕ ಬರಲಾರದಂಗ ಬರ್ಯಾಕತ್ತೀನಿ.”

ಒಳಗಿನ ಆಸೆ ಮಾತ್ರ, ಯಾರಾದರೊಬ್ಬರು ಅದನ್ನು ತಿದ್ದದೆ ಓದಬೇಕು ಅಂತ. ಓದಲಿ ಅನ್ನುವ ಆಸೆಯೂ ಬೇಕು, ಓದಲು ಬಾರದಂತೆ ಬರೆಯಲೂ ಬೇಕು. ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ಆತ ಕೆಲಸ ಮಾಡುವ ರೀತಿಯನ್ನು ನೋಡಬೇಕಿತ್ತು ನೀವು. ಗೋಡೆ ಬಿಟ್ಟು, ಕೋಣೆಯೊಳಗೆ ಪ್ಲೈವುಡ್ ಹಲಗೆಯ ಮೇಲೆ ಮೊದಲು ಸ್ಪಷ್ಟವಾಗಿ ‘ಅದೀನಿ’ ಬರೆಯುತ್ತಿದ್ದ. ಮೆಟ್ಟಿಲಿಳಿದು ಹೋಗಿ, ತಿದ್ದುವ ತೆಲುಗಿನ ಹಿರಿಯರಾಗಿ ಕನ್ನಡಕ ಏರಿಸಿಕೊಂಡು ಮೇಲೆ ಬಂದು ತಿದ್ದುತ್ತಿದ್ದ. ಮತ್ತೆ ಇಳಿದು, ಗೋಡೆಯ ಮಾಲೀಕನಾಗಿ ದಖನಿ ಉರ್ದುವಿನಲ್ಲಿ ಬೈಯುತ್ತ ಬಂದು ಅರ್ಧ ಹಲಗೆಗೆ ಸುಣ್ಣ ಬಳಿಯುತ್ತಿದ್ದ. ಆಮೇಲೆ ತಲೆಗೆ ಟವೆಲ್ ಸುತ್ತಿದ ಮುನಿಸಿಪಾಲಿಟಿಯವನು ಬಂದು ಕೆರೆಯುವನು. ಅವನ ಹಿಂದೆ ಪೋಸ್ಟರ್ ಅಂಟಿಸುವವನು. “ಗ್ವಾಡಿ ಮ್ಯಾಲೆ ಇವರೆಲ್ಲಾ ಪುಕ್ಕಟೆ ಬರ್ತಿದ್ರು, ಇಲ್ಲಿ ಎಲ್ಲಾರೂ ನಾನೇ ಆಗಬೇಕಲ್ರಿ,” ಅಂತ ಸಮಜಾಯಿಷಿ ಬೇರೆ.

ಇದೊಂದೂ ಗೊತ್ತಿಲ್ಲದ ನಮ್ಮತ್ತೆ ಕೆಳಗೆ ಕುಳಿತು ದನಿಗಳನ್ನು ಎಣಿಸಿ, “ಮ್ಯಾಲೆ ನಾಕ ಮಂದಿ ಬಂದಾರವಾ, ಚಾ ಒಯ್ದು ಕೊಡು,” ಅಂದರು. ಒಯ್ದು ಕೊಟ್ಟೆ. ನಾಲ್ಕೂ ಕಪ್ಪು ಆತನೇ ಕುಡಿದ. ಮುನಿಸಿಪಾಲಿಟಿಯವನ ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತಂತೆ.

ಒಮ್ಮೆ ಹಿಮಾಯತ್‌ನಗರದ ಒಂದು ಸಭಾಂಗಣದಲ್ಲಿ ಆತನ ಮೂರು ಹಲಗೆಗಳ ಪ್ರದರ್ಶನವಾಯಿತು. ಮನೆಮಂದಿಯೆಲ್ಲ ಹೋದೆವು. ಬಂದವರು ಸಮುದ್ರ ಅಂದರು, ಸಂಜೆ ಅಂದರು, ಬ್ರಹ್ಮಾಂಡ ಅಂದರು. ಒಬ್ಬೊಬ್ಬರು ಬಾಯಿ ತೆರೆದಾಗಲೂ ಈತ ಕತ್ತು ಮುಂದೆ ಚಾಚುವುದು, ಸಪ್ಪಗಾಗಿ ಹಿಂದೆ ಸರಿಯುವುದು. ಕೊನೆಗೆ ನಾನೇ ಮುಂದಾದೆ. ದೊಡ್ಡ ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹುಡುಕಿ, “ನೋಡ್ರಿ, ಇಲ್ಲೇ ಐತಿ ಅದೀನಿ! ದೀರ್ಘ ಚಲೋ ಕಾಣಾಕತ್ತೈತಿ!” ಅಂತ ಎಲ್ಲರಿಗೂ ಕೇಳುವಂತೆ ಹೇಳಿದೆ.

ಆತ ಹತ್ತಿರ ಬಂದು ಬಗ್ಗಿ ನೋಡಿದ.

“ಅದು ದೀರ್ಘ ಅಲ್ರಿ ವೈನಿ, ಬಣ್ಣ ಸೋರೈತಿ,” ಅಂದ. ಆಮೇಲೆ ನಗಲು ಶುರು ಮಾಡಿದವನು ಕಣ್ಣು ಒರೆಸಿಕೊಳ್ಳುವ ತನಕ ನಕ್ಕ. “ಆದ್ರೂ ಹುಡುಕಿದ್ರಲ್ರಿ. ನನಗ ಭಾಳ ಆತು.”

ಬಾಯಿಗೆ ಬಟ್ಟೆ ಕಟ್ಟಿಕೋ ಅಂತ ನಾನು ಬಡಿದುಕೊಂಡದ್ದು ಗಾಳಿಗೆ ಹೋಯಿತು. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಬೆಳಿಗ್ಗೆ ಕೆಳಗಿನಿಂದ “ಅದೀರೇನ್ರಿ?” ಅಂತ ನಾನು ಕೂಗಿದರೆ “ಅದೀನ್ರಿ ವೈನಿ!” ಅನ್ನುವ ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ಊರಿನಿಂದ ಅಣ್ಣ ಬಂದು ಕರೆದುಕೊಂಡು ಹೋದ. ಟ್ರಂಕು ಇಲ್ಲೇ ಇರಲಿ, ಬರುತ್ತೇನೆ ಅಂದಿದ್ದ... ಬರಲಿಲ್ಲ. ಸುದ್ದಿ ಬಂತು. ಅತ್ತೆ ಆ ದಿನ ಊಟ ಮಾಡಲಿಲ್ಲ. ನನಗಂತೂ ಸ್ವಂತ ತಮ್ಮ ಹೋದಷ್ಟೇ ಸಂಕಟವಾಯಿತು.

ಮೊನ್ನೆ ಆ ಗೇಟಿನವನ ಕೈಯಿಂದ ಡಬ್ಬಿ ಇಸಿದುಕೊಂಡೆ. ಕಟಕಟ ಅಲ್ಲಾಡಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ನಮ್ಮ ಕಂಪೌಂಡಿನ ಹೊರಮೈ ಮೇಲೆ ನಾನೇ ‘ಅದೀನಿ’ ಬರೆದೆ. ಅಕ್ಷರ ಸೊಟ್ಟಗಾಯಿತು, ಬಣ್ಣ ಮೊಣಕೈ ತನಕ ಸೋರಿತು. “ಈ ವಯಸ್ಸಿನಾಗ ಇದೇನ ಹಚ್ಚೀದಿ?” ಅಂತ ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. ನಾನು ದೀರ್ಘವನ್ನು ಇನ್ನೊಮ್ಮೆ ಗಟ್ಟಿಯಾಗಿ ಎಳೆದೆ.

ಮರುದಿನ ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಹೊರಗೆ ಬಂದರೆ, ‘ದೀ’ಯ ದೀರ್ಘಕ್ಕೆ ಇದ್ದಿಲಿನ ಕಾಟು ಬಿದ್ದಿತ್ತು. ‘ನಿ’ಗೆ ಹೊಸ ದೀರ್ಘ ಬಂದಿತ್ತು.

ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲಿನ ಹಾಗೆಯೇ, ಬೀದಿಗೆಲ್ಲ ಕೇಳುವಂತೆ ಕೂಗಿದೆ.

“ಯಾಂವಲೇ ಅಂವ? ಅದೀಯಂದ್ರ ಮುಂದ ಬಾ!”

ಚಹಾದಂಗಡಿಯವರು ಒಮ್ಮೆ ತಿರುಗಿ ನೋಡಿ ತಮ್ಮ ತಮ್ಮ ಚಹಾ ಕುಡಿದರು. ನಾನು ಆ ಅಂಗಡಿಯ ಕಡೆಗೇ ನೋಡುತ್ತ ಕಾದೆ. ಯಾರೂ ಮುಂದೆ ಬರಲಿಲ್ಲ.