ನನ್ನ ಲ್ಯಾಪ್‌ಟಾಪ್ ಇನ್ನೂ ಎದ್ದಿಲ್ಲ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ತಡವಾಗಿ ಏಳುವವಳು ಮಗಳು ಎಂದು ನಾನು ಬಹಳ ಕಾಲ ನಂಬಿದ್ದೆ. ಆ ಪಟ್ಟ ಈಗ ಊಟದ ಮೇಜಿನ ಮೇಲಿರುವ ನನ್ನ ಹಳೆಯ ಲ್ಯಾಪ್‌ಟಾಪಿಗೆ ಹೋಗಿದೆ. ಮಗಳನ್ನಾದರೆ ಹೊದಿಕೆ ಎಳೆದು, ಫ್ಯಾನ್ ಆರಿಸಿ, ಕೊನೆಗೆ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಬಹುದು. ಇದಕ್ಕೆ ನೀರು ಚಿಮುಕಿಸುವ ಹಾಗಿಲ್ಲ. ಚಿಮುಕಿಸುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು.

ಗುಂಡಿ ಒತ್ತುತ್ತೇನೆ. ಒಳಗೆ ಫ್ಯಾನು ಗೊರ್ ಎನ್ನುತ್ತದೆ. ಕಂಪನಿಯ ಮುದ್ರೆ ಬರುತ್ತದೆ, ಹೋಗುತ್ತದೆ. ಆಮೇಲೆ ಇದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಚಿತ್ರ ಬರುತ್ತದೆ, ಅದು ಹೋಗುವುದಿಲ್ಲ. ಅದರ ಕೆಳಗೊಂದು ಚಕ್ರ ಸುತ್ತುತ್ತದೆ. ಅಕ್ಕಿ ತೊಳೆದಿಟ್ಟು ಬಂದು ನೋಡುತ್ತೇನೆ, ಸುತ್ತುತ್ತಾ ಉಂಟು. ತೆಂಗಿನಕಾಯಿ ತುರಿದು ಬಂದು ನೋಡುತ್ತೇನೆ, ಸುತ್ತುತ್ತಾ ಉಂಟು. ದೇವರ ಕೋಣೆಯಲ್ಲಿ ಇವರು ಮಂಗಳಾರತಿಯ ಗಂಟೆ ಬಾರಿಸುವ ಹೊತ್ತಿಗೆ ಅದು ಕಣ್ಣು ಬಿಟ್ಟು, ನೀನು ಯಾರು, ಪಾಸ್‌ವರ್ಡ್ ಎಂತ ಎಂದು ನನ್ನನ್ನೇ ಕೇಳುತ್ತದೆ. ಹಾಳಾದ್ದು! ಅಷ್ಟು ಹೊತ್ತು ಕಾದವಳು ನಾನಲ್ಲದೆ ಇನ್ಯಾರು?

ಲ್ಯಾಪ್‌ಟಾಪ್ ತಡವಾಗಿ ಎದ್ದರೆ ಆಕಾಶ ಕಳಚಿ ಬೀಳುತ್ತದಾ ಎಂದು ನೀವು ಕೇಳಬಹುದು. ಕೇಳಿ, ಎಲ್ಲರೂ ಕೇಳಿ ಆಗಿದೆ. ಸಂಗತಿ ಇಷ್ಟೇ: ಇಡೀ ದಿನದಲ್ಲಿ ನನ್ನದು ಅಂತ ಇರುವುದು ಒಂದೇ ಒಂದು ಗಂಟೆ. ಇವರು, ಅಂದರೆ ನನ್ನ ಗಂಡ, ಅರ್ಚಕರ ಮನೆತನದವರು. ಕೆಲಸ ಮಾತ್ರ ವಿಮಾ ಕಚೇರಿಯಲ್ಲಿ. ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆ ಹೊಕ್ಕರೆ ಪೂಜೆ ಮುಗಿಸಿ ಹೊರಗೆ ಬಂದು ಕಾಫಿ ಕೇಳುವವರೆಗೆ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ಆಮೇಲೆ ತಿಂಡಿ, ಬುತ್ತಿ, ಸಿಟಿ ಬಸ್ಸು, ಕಾಲೇಜು, ಕನ್ನಡ ವ್ಯಾಕರಣ, ಮತ್ತೆ ಸಿಟಿ ಬಸ್ಸು. ಆ ಒಂದು ಗಂಟೆಯಲ್ಲಿ ನಾನು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೇನೆ ಎಂದು ಮನೆಯವರು ತಿಳಿದಿದ್ದಾರೆ, ತಿಳಿದುಕೊಂಡಿರಲಿ. ಕಾದಂಬರಿಯಲ್ಲಿ ಕಮಲಾಕ್ಷಿ ಎಂಬವಳು ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಗೆ ಒಂದು ಕಾಲಿಟ್ಟಿದ್ದಾಳೆ. ಇನ್ನೊಂದು ಕಾಲು ದಡದ ದಕ್ಕೆಯ ಮೇಲೆಯೇ ಉಂಟು. ಮಳೆಗಾಲ ಶುರುವಾಗುವ ಮೊದಲು ಇಟ್ಟ ಕಾಲು ಅದು. ಈಗ ನವರಾತ್ರಿ ಕಳೆಯಿತು. ದಾಟಿ ಹೋಗಿ ಅವಳು ಮಾಡಬೇಕಾದ ಕೆಲಸ ಬೇಕಾದಷ್ಟು ಉಂಟು, ಆದರೆ ಲ್ಯಾಪ್‌ಟಾಪ್ ಎದ್ದರಲ್ಲವೇ ದೋಣಿ ಹೊರಡುವುದು?

ಕಾಗದದಲ್ಲಿ ಬರೆಯಬಾರದೇ ಎನ್ನುತ್ತೀರಿ. ಬರೆದು ನೋಡಿದೆ. ದಿನವಿಡೀ ಉತ್ತರಪತ್ರಿಕೆ ತಿದ್ದುವ ಕೈಗೆ ಪೆನ್ನು ಸಿಕ್ಕಿದರೆ ಅದು ಬರೆಯುವುದಿಲ್ಲ, ಅಡ್ಡಗೆರೆ ಎಳೆಯುತ್ತದೆ. ಒಂದು ಪುಟದ ಕೊನೆಗೆ ನನಗೆ ನಾನೇ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಮುಚ್ಚಿಟ್ಟೆ. ಹಾಗಾದರೆ ಲ್ಯಾಪ್‌ಟಾಪನ್ನು ಆರಿಸದೆ ರಾತ್ರಿ ಹಾಗೆಯೇ ಬಿಡಬಹುದಲ್ಲ? ಬಿಡಬಹುದು, ಇವರು ಬಿಟ್ಟರೆ. ಕರಾವಳಿಯಲ್ಲಿ ಮಿಂಚಿಗೆ ಹೆದರದ ಗಂಡಸಿಲ್ಲ. ಹಿಂದೊಮ್ಮೆ ಸಿಡಿಲಿಗೆ ನಮ್ಮ ಟಿವಿ ಸುಟ್ಟದ್ದೇ ಸುಟ್ಟದ್ದು, ಅಂದಿನಿಂದ ಆಕಾಶದಲ್ಲಿ ನಕ್ಷತ್ರ ತುಂಬಿದ್ದರೂ ಇವರು ಮಲಗುವ ಮೊದಲು ಮನೆಯ ಅಷ್ಟೂ ಪ್ಲಗ್ ಕಿತ್ತಿಟ್ಟೇ ಮಲಗುವುದು. ಲ್ಯಾಪ್‌ಟಾಪಿನ ಬ್ಯಾಟರಿಯೋ, ಯಾವತ್ತೋ ಸತ್ತಿದೆ. ಪ್ಲಗ್ ಕಿತ್ತರೆ ಅದರ ಪ್ರಾಣವೂ ಹೋಯಿತು.

“ಎಂತಕ್ಕೆ ಬೆಳಿಗ್ಗೆ ಬೆಳಿಗ್ಗೆ ಅದರ ಎದುರು ಕೂತು ತಪಸ್ಸು ಮಾಡ್ತಿ? ಬೊಡ್ಚಿ, ಬೇಡ ಮಾರಾಯ್ತಿ, ಬಿಸಾಡು,” ಎಂದರು ಇವರು. “ತೊಕ್ಕೊಟ್ಟಿನಲ್ಲಿ ಒಂದು ಅಂಗಡಿ ಉಂಟು, ಹಳತು ಕೊಟ್ಟರೆ ಹೊಸತು ಕೊಡ್ತಾರೆ. ಬರುವ ಆದಿತ್ಯವಾರ ಹೋಗುವ.”

“ನೀವು ಹೋಗಿ. ನಿಮ್ಮ ಸ್ಕೂಟರನ್ನೂ ಕೊಟ್ಟು ಬನ್ನಿ, ಅದೂ ಬೆಳಿಗ್ಗೆ ಏಳುವುದಿಲ್ಲ,” ಎಂದೆ. ನಮ್ಮ ಮನೆಯ ಜಗಳ ನಡೆಯುವುದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಗಿದೆ, ನೀವು ಸೇರಿಸಿಕೊಂಡು ಓದಿ.

ಹೊಸತು ನನಗೆ ಬೇಡ ಎನ್ನುವುದಕ್ಕೆ ಕಾರಣ ಉಂಟು, ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೊಸ ಲ್ಯಾಪ್‌ಟಾಪ್ ಬಂದರೆ ಅದು ‘ಮನೆಯ ಲ್ಯಾಪ್‌ಟಾಪ್’ ಆಗುತ್ತದೆ. ಮಗಳ ಪ್ರಾಜೆಕ್ಟು, ಇವರ ಕರೆಂಟ್ ಬಿಲ್ಲು, ನಾದಿನಿಯ ಮಗನ ಅರ್ಜಿ, ಎಲ್ಲ ಅದರ ಮೇಲೆಯೇ. ಈ ಹಳತನ್ನು ಯಾರೂ ಮುಟ್ಟುವುದಿಲ್ಲ, ಯಾಕೆಂದರೆ ಇದರಲ್ಲಿ ಇರುವುದು ಎಲ್ಲರ ಕಂಪ್ಯೂಟರಿನಲ್ಲಿ ಇರುವಂಥದ್ದಲ್ಲ, ಲಿನಕ್ಸ್. “ಅಮ್ಮ, ಇದರಲ್ಲಿ ಎಂತ ಎಲ್ಲಿ ಉಂಟು ಅಂತಲೇ ಗೊತ್ತಾಗುವುದಿಲ್ಲ,” ಎಂದು ಮಗಳು ಒಂದೇ ದಿನಕ್ಕೆ ಕೈಮುಗಿದಳು. ಹಾಗೆ ಈ ಮನೆಯಲ್ಲಿ ನನ್ನದು ಅಂತ ಒಂದು ವಸ್ತು ಉಳಿಯಿತು. ಅದೂ ಈಗ ಕೈಕೊಟ್ಟಿದೆ.

ಸರಿ, ನಾನೇ ರಿಪೇರಿಗೆ ಇಳಿದೆ. ಅಂತರ್ಜಾಲದಲ್ಲಿ ಲಿನಕ್ಸ್ ಬಳಸುವವರ ಕಟ್ಟೆಗಳು ಉಂಟು. ಅಲ್ಲಿ ಒಂದು ಪ್ರಶ್ನೆ ಕೇಳಿದರೆ ಲೋಕದ ನಾಲ್ಕು ಮೂಲೆಯಿಂದ ಜನ ಧಾವಿಸಿ ಬರುತ್ತಾರೆ. ಬಂದು ನಿಮಗೆ ಉತ್ತರ ಹೇಳುವುದಿಲ್ಲ, ಅವರವರೇ ಜಗಳಾಡುತ್ತಾರೆ. ಬ್ಲೂಟೂತ್ ಆರಿಸು ಎಂದ ಒಬ್ಬ. ಆರಿಸಿದೆ. ಪ್ರಿಂಟರಿನ ತಂತ್ರಾಂಶ ತೆಗೆ ಎಂದ ಇನ್ನೊಬ್ಬ. ತೆಗೆದೆ. ಮೂರನೆಯವನು ನಾನು ಲಿನಕ್ಸಿನ ತಪ್ಪು ಪಂಗಡಕ್ಕೆ ಸೇರಿದ್ದೇನೆ, ಮತಾಂತರವಾಗದೆ ಮೋಕ್ಷವಿಲ್ಲ ಎಂದುಬಿಟ್ಟ. ಸಿಟ್ಟು ಬಂದು ನಾನು ಪರದೆಯ ಮೇಲಿದ್ದ ಚಿತ್ರವನ್ನೂ, ಎರಡು ಮದುವೆಗಳ ಫೋಟೋಗಳನ್ನೂ ಅಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಚಕ್ರ ಮೊದಲಿನಂತೆಯೇ ಸುತ್ತಿತು.

ಹಂಪನಕಟ್ಟೆಯ ಒಂದು ಕಂಪ್ಯೂಟರ್ ಅಂಗಡಿಗೂ ಹೊತ್ತುಕೊಂಡು ಹೋದೆ. ಅಂಗಡಿಯವರು ಮುಚ್ಚಳ ತೆರೆದು ಲಿನಕ್ಸಿನ ಚಿತ್ರ ಕಂಡದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡರು. “ಮೇಡಂ, ಇದು ನಾವು ಮುಟ್ಟುವುದಿಲ್ಲ. ಎಂತ ಸಹ ಆದರೆ ಮತ್ತೆ ನೀವು ನಮ್ಮದೇ ತಪ್ಪು ಅಂತ ಹೇಳ್ಲಿಕ್ಕುಂಟು.” ಎಂತ ಸಹ ಆಗುವುದಕ್ಕೆ ಇದರಲ್ಲಿ ಇನ್ನು ಎಂತ ಬಾಕಿ ಉಂಟು ಎಂದು ಕೇಳಿದೆ. ಅವರು ನಕ್ಕು, ಗಾಜಿನ ಕಪಾಟಿನಲ್ಲಿದ್ದ ಹೊಸ ಲ್ಯಾಪ್‌ಟಾಪುಗಳ ಕಡೆಗೆ ಗದ್ದ ಎತ್ತಿ ತೋರಿಸಿದರು. ಗಂಡಸರೆಲ್ಲ ಸೇರಿ ಮಾತಾಡಿಕೊಂಡಿದ್ದಾರೋ ಏನೋ!

ನಮ್ಮ ಯಕ್ಷಗಾನವನ್ನೇ ನೋಡಿ. ಹಿಂದೆ ಪೂರ್ವರಂಗ ಎಂದರೆ ಪ್ರೇಕ್ಷಕ ಮನೆಯಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದರೂ ಪ್ರಸಂಗ ಶುರುವಾಗುತ್ತಿರಲಿಲ್ಲ. ಕಲೆಗಿಂತ ಪುರುಸೊತ್ತು ದೊಡ್ಡದಾಗಿದ್ದ ಕಾಲ. ಈಗ ಅದೂ ಕಾಲಮಿತಿಗೆ ಬಂದಿದೆ. ಪೂರ್ವರಂಗದಲ್ಲಿ ಕೋಡಂಗಿಯ ವೇಷ ಕುಣಿಯುವುದನ್ನು ನಮ್ಮ ಮಗಳು ನೋಡಿಯೇ ಇಲ್ಲ. ಅಷ್ಟು ದೊಡ್ಡ ಕಲೆಗೇ ಕಾಲಮಿತಿ ಬಂತು, ನನ್ನ ಲ್ಯಾಪ್‌ಟಾಪಿಗೆ ಬರಲಿಲ್ಲ. ಅದರದು ಬರೀ ಪೂರ್ವರಂಗ, ಪ್ರಸಂಗದ ಹೊತ್ತಿಗೆ ನನ್ನ ಬಸ್ಸು ಹೊರಟಾಗಿರುತ್ತದೆ.

ಕೊನೆಗೆ ಜಯಂತಿಯ ಹತ್ತಿರ ಅತ್ತುಕೊಂಡೆ. ಜಯಂತಿ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಬೆಂಗ್ರೆಯ ಮೀನುಗಾರರ ಮನೆಯವಳು, ದಿನಾ ದೋಣಿ ದಾಟಿ ಬರುತ್ತಾಳೆ. ನನಗೆ ಲಿನಕ್ಸ್ ಹಾಕಿಕೊಟ್ಟವಳೂ ಅವಳೇ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ನಾನು ಅವಳಲ್ಲಿ ಲ್ಯಾಪ್‌ಟಾಪಿನ ವಿಷಯ ಎತ್ತಿ, ನಡುವೆ ಮೆಲ್ಲಗೆ, ದೋಣಿಯಲ್ಲಿ ನಿಂತುಕೊಂಡರೆ ಹಿಡಿದುಕೊಳ್ಳಲಿಕ್ಕೆ ಎಂತ ಇರುತ್ತದೆ ಎಂದೂ ಕೇಳಿದೆ, ಕಮಲಾಕ್ಷಿಗೆ ಬೇಕಲ್ಲ.

“ನಿನಗೆ ಲ್ಯಾಪ್‌ಟಾಪ್ ಸರಿ ಆಗ್ಬೇಕಾ, ದೋಣಿ ಬೇಕಾ, ಮೊದಲು ಅದು ಹೇಳು ಮಾರಾಯ್ತಿ,” ಎಂದಳು ಜಯಂತಿ. “ಆ ಚಿತ್ರ ಬರ್ತದಲ್ಲ, ಆಗ ಎಸ್ಕೇಪ್ ಕೀ ಒತ್ತಿದ್ದೀಯಾ?”

“ಒತ್ತಿದರೆ ಎಂತ ಆಗ್ತದೆ?”

“ಚಿತ್ರ ಹೋಗ್ತದೆ. ಹಿಂದೆ ಅದು ಎಂತ ಮಾಡ್ತಾ ಉಂಟು ಅಂತ ಸಾಲು ಸಾಲು ಬರ್ತದೆ. ಓದು. ಅಷ್ಟು ದಿನದಿಂದ ಅದು ಹೇಳ್ತಾ ಉಂಟು, ನೀನು ಕೇಳ್ಲೇ ಇಲ್ಲ.”

ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ವರ್ಷವಿಡೀ ಮಕ್ಕಳಿಗೆ ಬೊಬ್ಬೆ ಹೊಡೆಯುವವಳು ನಾನು. ಬುತ್ತಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ಇವರು ದೇವರ ಕೋಣೆಯಲ್ಲಿ ಆಚಮನ ಮಾಡಿ ಕುಳಿತರು. ನಾನು ಮೇಜಿನ ಎದುರು ಕುಳಿತು ಎಸ್ಕೇಪ್ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಹರಿದು ಬಂದು ಒಂದು ಕಡೆ ಗಕ್ಕನೆ ನಿಂತವು. ಕನ್ನಡಕ ಏರಿಸಿ ಓದಿದೆ. ಸಾರಾಂಶ ಇಷ್ಟು: ಈ ಡಿಸ್ಕನ್ನು ಕೊನೆಯ ಸಲ ಬಳಸಿದ ಸಮಯ ಭವಿಷ್ಯದಲ್ಲಿದೆ, ಇದೇಕೋ ಸರಿಯಿಲ್ಲ, ಆದ್ದರಿಂದ ಇಡೀ ಡಿಸ್ಕನ್ನು ಮೂಲೆಮೂಲೆ ಪರಿಶೀಲಿಸುತ್ತೇನೆ. ಭವಿಷ್ಯ? ನಾನು ಬಳಸಿದ್ದು ನಿನ್ನೆ! ಹಾಗಾದರೆ ಇದರ ಲೆಕ್ಕದಲ್ಲಿ ಇವತ್ತು ಯಾವತ್ತು? ಅದೇ ಸಾಲುಗಳಲ್ಲಿ ಹುಡುಕಿದೆ. ನಮ್ಮ ಮಗಳು ಅಂಗನವಾಡಿಗೆ ಹೋಗುತ್ತಿದ್ದ ಯಾವುದೋ ವರ್ಷದ ಜನವರಿ ಒಂದು!

ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ, ಪೂಜೆಗೆ ಮೊದಲು ಹೇಳುವ ಇವರ ಸಂಕಲ್ಪ ಕೇಳಿಸಿತು. ಶ್ವೇತವರಾಹಕಲ್ಪೇ, ವೈವಸ್ವತಮನ್ವಂತರೇ, ಕಲಿಯುಗೇ... ಜಂಬೂದ್ವೀಪೇ, ಭರತಖಂಡೇ, ಪರಶುರಾಮಕ್ಷೇತ್ರೇ... ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಹುಟ್ಟಿದ ಮನೆಯಲ್ಲಿ ಅಪ್ಪನಿಂದ, ಇಲ್ಲಿ ಇವರಿಂದ, ಅಡುಗೆಮನೆಯಲ್ಲಿ ನಿಂತು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿರುವುದು ಇದು. ಒಂದು ತುಳಸಿ ಎಸಳು ಏರಿಸಬೇಕಾದರೂ ಬ್ರಹ್ಮಾಂಡದ ವಿಳಾಸದಿಂದ ಶುರುಮಾಡಬೇಕು. ದೇವರಿಗೆ ಇವತ್ತು ಯಾವ ವಾರ ಅಂತ ಗೊತ್ತಿಲ್ವಾ ಎಂದು ಚಿಕ್ಕವಳಿದ್ದಾಗ ಕೇಳಿ ಅಪ್ಪನಿಂದ ಬೈಸಿಕೊಂಡಿದ್ದೆ. ಈಗ, ತಲೆಕೆಟ್ಟು ನಿಂತ ಒಂದು ಯಂತ್ರದ ಎದುರು ಕುಳಿತಾಗ ತಿಳಿಯಿತು: ಅದು ದೇವರಿಗೆ ಹೇಳುವುದಲ್ಲ, ಮಣೆಯ ಮೇಲೆ ಕುಳಿತವನು ತನಗೆ ತಾನೇ ಹೇಳಿಕೊಳ್ಳುವುದು. ನಾನು ಎಲ್ಲಿದ್ದೇನೆ, ಇದು ಯಾವ ಹೊತ್ತು, ನಾನು ಯಾರು, ಈಗ ಎಂತ ಮಾಡಲು ಹೊರಟಿದ್ದೇನೆ. ಇಷ್ಟು ಗೊತ್ತಿಲ್ಲದೆ ಕೆಲಸ ಶುರುಮಾಡಿದರೆ, ಮಧ್ಯಾಹ್ನ ಮಲಗಿ ಮುಸ್ಸಂಜೆಗೆ ಎದ್ದವರು ಬೆಳಗಾಯಿತೆಂದು ಹಲ್ಲುಜ್ಜಲು ಓಡಿದ ಹಾಗೆ ಆಗುತ್ತದೆ. ನನ್ನ ಲ್ಯಾಪ್‌ಟಾಪ್ ತಿಂಗಳುಗಟ್ಟಲೆ ದಿನಾ ಹಲ್ಲುಜ್ಜಲು ಓಡುತ್ತಿತ್ತು.

ಜಯಂತಿಗೆ ಹೇಳಿದರೆ ಕಾರಣ ಒಂದೇ ಮಾತಿನಲ್ಲಿ ಮುಗಿಯಿತು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಗಡಿಯಾರಕ್ಕೆಂದೇ ಒಂದು ಬಟನ್ ಸೆಲ್ ಇರುತ್ತದಂತೆ, ಅದು ಸತ್ತಿದೆ. ದೊಡ್ಡ ಬ್ಯಾಟರಿಯೂ ಸತ್ತಿದೆ. ಆದರೂ ಕರೆಂಟಿನ ಜೀವ ಇದ್ದರೆ ಗಡಿಯಾರ ಹೇಗೋ ನಡೆಯುತ್ತಿತ್ತು. ಅದನ್ನು ಇವರು ಪ್ರತಿರಾತ್ರಿ ಪ್ಲಗ್ ಸಮೇತ ಕೀಳುತ್ತಿದ್ದರು. ಎದ್ದ ಮೇಲೆ ಇಂಟರ್‌ನೆಟ್ಟನ್ನು ಕೇಳಿ ಅದು ತಾರೀಕು ಸರಿಮಾಡಿಕೊಳ್ಳುತ್ತಿದ್ದ ಕಾರಣ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಅಂತೂ ನನ್ನ ಕಾದಂಬರಿಯ ಅಡ್ಡಗಾಲು ಪಕ್ಕದಲ್ಲೇ ಮಲಗುತ್ತಿತ್ತು! ಸಂಜೆ ಬಸ್ಸಿಳಿದು ಒಂದು ವಾಚಿನ ಅಂಗಡಿಯಲ್ಲಿ ಸೆಲ್ ತಂದೆ, ಇವರ ಸ್ಕ್ರೂಡ್ರೈವರ್ ಕೇಳದೆ ತೆಗೆದುಕೊಂಡೆ, ಅಡಿಯ ಮುಚ್ಚಳ ಬಿಚ್ಚಿ ಹಾಕಿದೆ, ಒಮ್ಮೆ ಎಬ್ಬಿಸಿ ತಾರೀಕು ಸರಿಮಾಡಿ ಆರಿಸಿದೆ. ಒಂದು ಸ್ಕ್ರೂ ಮಿಕ್ಕಿತು. ಅದನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಮರುದಿನ, ರಾತ್ರಿ ಇವರು ಎಂದಿನಂತೆ ಕಿತ್ತಿಟ್ಟ ಪ್ಲಗ್ಗನ್ನು ಮತ್ತೆ ಹಾಕಿ ಗುಂಡಿ ಒತ್ತಿದೆ. ದೇವರ ಕೋಣೆಯಲ್ಲಿ ಇನ್ನೂ ಕಲಿಯುಗ ಬಂದಿರಲಿಲ್ಲ, ಇಲ್ಲಿ ಲಾಗಿನ್ ಪರದೆ ಬಂತು. ನನಗೆ ನಗು, ಸಂಭ್ರಮ, ಮತ್ತೆ ಸಣ್ಣದೊಂದು ಹೆದರಿಕೆ. ಕಾದಂಬರಿ ತಡವಾದರೆ ನಾನು ಬೈಯಲು ಇನ್ನು ಯಾರೂ ಇಲ್ಲ. ಕಮಲಾಕ್ಷಿ ಒಂಟಿಕಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ಸಂಕಲ್ಪ ‘ಸಹಕುಟುಂಬಾನಾಂ’ ಎಂಬಲ್ಲಿಗೆ ಬಂತು. ಇಷ್ಟು ವರ್ಷ ನಾನು ಇದ್ದದ್ದು ಆ ಒಂದು ಶಬ್ದದ ಒಳಗೆ, ಮಗಳೂ ನಾನೂ ಒತ್ತೊತ್ತಾಗಿ. ಕಣ್ಣು ಮುಚ್ಚಿ ನಾನೂ ಮೆಲ್ಲಗೆ ಹೇಳಿಕೊಂಡೆ: ಮಂಗಳೂರು ನಗರೇ, ಊಟದ ಮೇಜಿನ ದಕ್ಷಿಣ ಪಾರ್ಶ್ವೇ, ಇವತ್ತಿನ ಈ ಬೆಳಿಗ್ಗೆ, ವಿಜಯಾ ಎಂಬ ನಾನು, ಕುಟುಂಬವನ್ನು ಬಿಟ್ಟು ಒಬ್ಬಳೇ, ಒಂದು ಪುಟ ಬರೆಯುವ ಕೆಲಸವನ್ನು ಕರಿಷ್ಯೇ.

ಬರೆಯುತ್ತಾ ಹೋದೆ. ಮಂಗಳಾರತಿಯ ಗಂಟೆ ಬಾರಿಸಿದ್ದು ಕೇಳಿಸಲಿಲ್ಲ. ತಲೆ ಎತ್ತಿದರೆ ಇವರು ಹಣೆಗೆ ಗಂಧ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಕಾಣುವುದು ಲ್ಯಾಪ್‌ಟಾಪಿನ ಬೆನ್ನು ಮಾತ್ರ.

“ಎದ್ದಿತಾ ನಿನ್ನ ಮಹಾರಾಯ?” ಎಂದು ಕೇಳಿದರು.

ಎದ್ದಿದೆ ಎನ್ನಲು ಬಾಯಿ ತೆರೆದೆ. ಎದ್ದಿದೆ ಎಂದರೆ ಕಾಫಿ ಮಾಡಬೇಕು. ಎದ್ದಿದೆ ಎಂದರೆ ನಾಳೆ ಮಗಳು ಬರುತ್ತಾಳೆ, ನಾಡಿದ್ದು ಕರೆಂಟ್ ಬಿಲ್ಲು ಬರುತ್ತದೆ.

“ಇಲ್ಲ ಮಾರ್ರೆ,” ಎಂದೆ, ಆದಷ್ಟು ದುಃಖದಿಂದ. “ಇನ್ನೂ ಎದ್ದಿಲ್ಲ. ಸುತ್ತುತ್ತಾ ಉಂಟು.”

“ಪಾಪ. ಹಾಗಾದ್ರೆ ಕಾಫಿ ನಾನೇ ಮಾಡ್ತೇನೆ, ನೀನು ಅದನ್ನು ನೋಡಿಕೋ,” ಎಂದು ಇವರು ಅಡುಗೆಮನೆಯ ಕಡೆಗೆ ಹೋದರು.

ಕಮಲಾಕ್ಷಿ ಇನ್ನೊಂದು ಕಾಲನ್ನೂ ದೋಣಿಯೊಳಗೆ ಇಟ್ಟಳು.