ಅಗ್ನಿ ಸುರಕ್ಷತೆ, ಭಾಗ ಏಳು

ನನ್ನ ಚಿಕ್ಕಮ್ಮನ ಮನೆಯಲ್ಲಿ ಟಿವಿ ಚಿಕ್ಕಪ್ಪನದು. ಅದರೊಳಗೆ ಎಂಟು ಜನ ಕೂತು, ಒಬ್ಬರ ಮಾತು ಒಬ್ಬರು ಕೇಳದೆ, ದಿನವಿಡೀ ದೇಶ ಉದ್ಧಾರ ಮಾಡುತ್ತಿರುತ್ತಾರೆ. ಹಾಗಾಗಿ ಚಿಕ್ಕಮ್ಮ ಹಾಡು ಕೇಳುತ್ತಿದ್ದದ್ದು ಆಫೀಸಿನಲ್ಲಿ ಮಾತ್ರ. ವಿಮಾ ಕಚೇರಿಯ ಹಳೆಯ ಕಡತಗಳ ಪಿನ್ನು ಕಿತ್ತು, ಹಾಳೆ ಬಿಡಿಸಿ, ಒಂದೊಂದಾಗಿ ಸ್ಕ್ಯಾನರಿಗೆ ಉಣಿಸುವುದು ಅವಳ ಕೆಲಸ. "ಕಿವೀಲಿ ಹಾಡಿಲ್ದಿದ್ರೆ ನನ್ನ ಕೈ ಓಡಲ್ಲ ಕಣೋ" ಎನ್ನುತ್ತಿದ್ದಳು.

ಅಲ್ಲಿಗೆ ಹೊಸ ಮ್ಯಾನೇಜರು ಬಂದರು. ಬಂದ ವಾರವೇ ಎಲ್ಲರ ಕಂಪ್ಯೂಟರಿಗೂ ಕಾವಲಿನ ಸಾಫ್ಟ್‌ವೇರ್ ಹಾಕಿಸಿದರು. ಯಾರು ಏನು ತೆರೆದರು, ಎಷ್ಟು ಹೊತ್ತು ಕೈಕಟ್ಟಿ ಕೂತರು, ಎಲ್ಲವೂ ಅವರ ಪರದೆಯ ಮೇಲೆ. ಮೊಬೈಲುಗಳು ಬಾಗಿಲ ಬಳಿಯ ಪೆಟ್ಟಿಗೆಗೆ. ಹಾಡಿನ ಸೈಟುಗಳೆಲ್ಲ ಬಂದ್. ಸಿಬ್ಬಂದಿ ಅವರಿಗೆ ಸಿಸಿ ಸಾಹೇಬರು ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ಹಾಗೆ ಕರೆದು ಸಿಕ್ಕಿಬಿದ್ದ ಗುಮಾಸ್ತನೊಬ್ಬ ಕಿಟಕಿಯಿಲ್ಲದ ನೆಲಮಾಳಿಗೆಗೆ ಎತ್ತಂಗಡಿಯಾದ ಮೇಲೆ ಅಷ್ಟು ಶೌರ್ಯವೂ ಉಳಿಯಲಿಲ್ಲ.

ಬಂದ್ ಆಗದೆ ಉಳಿದದ್ದು ತರಬೇತಿ ಪಾಠಗಳು ಮಾತ್ರ. ಅವನ್ನು ಕಚೇರಿಯ ಸೈಟಿಗೆ ಏರಿಸುವ ಬಿಟ್ಟಿ ಚಾಕರಿಯನ್ನು ಸಾಹೇಬರು ಹೊರಿಸಿದ್ದು, ಪುಣ್ಯಕ್ಕೆ, ಚಿಕ್ಕಮ್ಮನ ತಲೆಗೆ. ಅಗ್ನಿ ಸುರಕ್ಷತೆಯ ಆರು ಭಾಗಗಳಿದ್ದವು. ಎರಡನೆಯದನ್ನು ಯಾರೂ ದಾಟಿರಲಿಲ್ಲ. ಏಳನೆಯದನ್ನು ಅವಳೇ ಸೇರಿಸಿದಳು. ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಚಿತ್ರ, ಒಳಗೆ ಮೂರು ಗಂಟೆ ಹಳೆಯ ಹಾಡುಗಳು.

ತಿಂಗಳೊಳಗೆ ಇಡೀ ಕಚೇರಿ ಹೆಡ್‌ಫೋನ್ ಹಾಕಿಕೊಂಡು ಬೆಂಕಿ ಆರಿಸಲು ಕಲಿಯತೊಡಗಿತು. ಕೆಲವರು ಕಲಿಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದರಂತೆ.

ಒಂದು ದಿನ ಸಾಹೇಬರು ಚಿಕ್ಕಮ್ಮನನ್ನು ಒಳಗೆ ಕರೆದರು.

"ಭಾಗ ಏಳು ನಾನೂ ಕೇಳ್ದೆ ಮೇಡಂ."

"ನೆಲಮಾಳಿಗೆಗೆ ಯಾವತ್ತಿಂದ ಹೋಗ್ಲಿ ಸಾರ್?"

"ನೆಲಮಾಳಿಗೆ ಯಾಕೆ? ಅದು ಬಂದ್ಮೇಲೆ ಎಲ್ಲರ ಕೆಲಸಾನೂ ಜಾಸ್ತಿ ಆಗಿದೆ. ನನ್ನ ಪರದೆ ಸುಳ್ಳು ಹೇಳಲ್ಲ. ಇನ್ಮೇಲೆ ಸಂಗೀತ ಕಡ್ಡಾಯ. ಆಯ್ಕೆ ಮಾತ್ರ ನಂದು."

ಅವರ ಆಯ್ಕೆ ಒಂದೇ ಒಂದು ಟ್ಯೂನು. ಮಧ್ಯೆ ಮಧ್ಯೆ ಹುರುಪಿನ ಚಪ್ಪಾಳೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದೇ. ಹೆಡ್‌ಫೋನ್ ತೆಗೆದರೆ ಸಾಫ್ಟ್‌ವೇರ್ ಚಾಡಿ ಹೇಳುತ್ತಿತ್ತು. ಭಾಗ ಏಳನ್ನು ಅಳಿಸಿಹಾಕಿದರು. ಹದಿನೈದು ದಿನಕ್ಕೆ ಚಿಕ್ಕಮ್ಮ ಸೊರಗಿಹೋದಳು. ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚಿನ ಮೇಲೆ ಆ ಚಪ್ಪಾಳೆಯನ್ನೇ ಬಡಿಯುತ್ತಿತ್ತು. ನನಗೆ ಆ ಸಾಹೇಬರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಪಾಠ ಏರಿಸುವ ಚಾಕರಿಯನ್ನು ಬೇರೆಯವರಿಗೆ ಕೊಡುವುದನ್ನು ಮಾತ್ರ ಆ ಮಹಾ ಜಾಣರು ಮರೆತಿದ್ದರು. ಪಾಠ ತೆರೆದರೆ ಟ್ಯೂನು ತಾನಾಗಿ ನಿಲ್ಲುತ್ತದೆ ಎಂಬುದು ಚಿಕ್ಕಮ್ಮನ ಕಣ್ಣಿಗೆ ಬಿತ್ತು. ಮರುದಿನವೇ ಭಾಗ ಎಂಟು ಏರಿತು. ಅದೇ ಕೆಂಪು ಸಿಲಿಂಡರು. ಒಳಗೆ ಮೂರು ಗಂಟೆ ಏನೂ ಇಲ್ಲ, ಬರೀ ಮೌನ.

ಈಗ ಇಡೀ ಕಚೇರಿ ಅದನ್ನೇ ಕೇಳುತ್ತದೆ.

ಮೊನ್ನೆ ಭಾನುವಾರ ಅವಳ ಮನೆಗೆ ಹೋಗಿದ್ದೆ. ಟಿವಿಯಲ್ಲಿ ಎಂಟೂ ಜನ ಹಾಜರಿದ್ದರು. ಚಿಕ್ಕಮ್ಮ ಒಂದು ಕಿವಿ ಮುಚ್ಚಿಕೊಂಡು ಕ್ಯಾಲೆಂಡರಿನ ಮುಂದೆ ನಿಂತಿದ್ದಳು.

"ಏನು ನೋಡ್ತಿದೀಯ ಚಿಕ್ಕಮ್ಮ?"

"ನಾಳೆ ಎಲ್ಲಿ ರಜೆ ಇದ್ದುಬಿಡುತ್ತೋ ಅಂತ ಭಯ ಕಣೋ."